ಅಡುಗೆಮನೆಗೆ ಬಂದ ಗಿರಣಿ

ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬನ್ನಿ. ಬೆಳಗಿನ ಐದೂವರೆ, ಏಪ್ರಿಲ್ ತಿಂಗಳು. ಇನ್ನೆರಡು ತಾಸು ಕಳೆದರೆ ಈ ಅಡುಗೆಮನೆಯಲ್ಲಿ ನಿಲ್ಲುವುದು ಕಷ್ಟ, ಅದಕ್ಕೇ ಇಷ್ಟು ಬೇಗ ಕರೆದದ್ದು. ಕಾಲಡಿಯ ಶಹಾಬಾದ್ ಪರಸಿ ರಾತ್ರಿಯೆಲ್ಲ ತಣಿದು ಈಗ ಹಿತವಾಗಿದೆ. ಒಲೆಯ ಮೇಲೆ ಅವ್ವನ ಚಹಾ ಒಮ್ಮೆ ಉಕ್ಕಿ ಇಳಿದು ಮತ್ತೆ ಉಕ್ಕುತ್ತಿದೆ. ಜಜ್ಜಿದ ಶುಂಠಿಯ ವಾಸನೆ ಮನೆ ತುಂಬಿದೆ. ಕಿಟಕಿಯಾಚೆ ನಾರಾಯಣಪುರ ಕ್ಯಾಂಪಿನ ಬೇವಿನ ಮರಗಳು, ಅವುಗಳಾಚೆ ಬಸವಸಾಗರ ಅಣೆಕಟ್ಟಿನ ಮಣ್ಣೇರಿ ಇನ್ನೂ ಕಪ್ಪಗೆ ಕಾಣುತ್ತಿದೆ. ಕಾಲುವೆಗೆ ಸರದಿಯಲ್ಲಿ ನೀರು ಬಿಡುವ ವಾರಬಂದಿಯ ಕಾಲ. ಕಾಲುವೆಯಲ್ಲಿ ಇವತ್ತು ನೀರಿಲ್ಲ.

ಕಟ್ಟೆಯ ಮೇಲೆ ನೋಡಿ. ನಡುವೆ ಎಸ್‌ಪ್ರೆಸೊ ಮಷಿನ್ನು. ಅದರ ಎಡಕ್ಕೆ ಹಳೆಯ ಗ್ರೈಂಡರ್, ಪ್ಲಾಸ್ಟಿಕ್ ಮೈಯದು, ಮುಚ್ಚಳಕ್ಕೆ ಸೆಲ್ಲೊಟೇಪು ಸುತ್ತಿದೆ. ಬಲಕ್ಕೆ, ನಿನ್ನೆ ಸಂಜೆ ಹುಣಸಗಿಯಿಂದ ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದು ತಂದ ಡಬ್ಬಿ. ಥರ್ಮೊಕೋಲು ಬಿಚ್ಚಿಯಾಗಿದೆ. ಎತ್ತಿ ನೋಡಿ, ಒಂದೇ ಕೈಯಲ್ಲಿ ಆಗುವುದಿಲ್ಲ. ಮೈಯೆಲ್ಲ ಅಲ್ಯುಮಿನಿಯಂ, ಒಳಗೆ ಭಾರದ ಮೋಟರು, ಮೇಲೆ ಅಂಕಿ ಕೊರೆದ ಒಂದು ಬಳೆ. ಕಂಪನಿಯ ಹೆಸರು ಹೇಳುವುದಿಲ್ಲ, ಜಾಹೀರಾತಾದೀತು. ಇದು ಕಾಫಿ ಮಾಡುವುದಿಲ್ಲ, ಹಾಲು ಕಾಯಿಸುವುದಿಲ್ಲ. ಬೀಜ ಪುಡಿ ಮಾಡುತ್ತದೆ, ಅಷ್ಟೇ. ಬೆಲೆ ಮಾತ್ರ ಪಕ್ಕದ ಮಷಿನ್ನಿಗಿಂತ ಹೆಚ್ಚು. ಅವ್ವನಿಗೆ ಆ ಅಂಕಿ ಹೇಳಿಲ್ಲ. ನೀವೂ ಹೇಳಬೇಡಿ.

ಹಳೆಯದನ್ನು ಪಕ್ಕಕ್ಕೆ ಸರಿಸುವ ಮುಂಚೆ ಅದರ ಕೆಲಸವನ್ನೊಮ್ಮೆ ನೋಡಿಬಿಡಿ. ಇಲ್ಲವಾದರೆ ಈ ಖರ್ಚು ನಿಮಗೂ ಹುಚ್ಚಾಟವಾಗಿಯೇ ಕಂಡೀತು.

ತೂಕದ ಯಂತ್ರದ ಮೇಲೆ 18 ಗ್ರಾಂ ಬೀಜ. ಹಳೆಯ ಗ್ರೈಂಡರಿನ ಸುತ್ತು ತಿರುಗಿಸಿದರೆ ‘ಟಕ್’, ಮತ್ತೆ ತಿರುಗಿಸಿದರೆ ‘ಟಕ್’. ಒಂದೊಂದು ಟಕ್ಕಿಗೆ ಒಂದೊಂದು ಮೆಟ್ಟಿಲು. ಎಂಟರಲ್ಲಿಟ್ಟು ಬೀಸಿದ ಪುಡಿಯನ್ನು ಬುಟ್ಟಿಗೆ ಹಾಕಿ, ಸಮ ಮಾಡಿ, ಅದುಮಿ, ಮಷಿನ್ನಿಗೆ ಸಿಕ್ಕಿಸಿದೆ. ಗುಂಡಿ ಒತ್ತಿದೆ. ನೋಡಿ, ನಾಲ್ಕು ಸೆಕೆಂಡಿಗೇ ಸುರಿಯಲು ಶುರು. ಬಣ್ಣ ಆಗಲೇ ಹಳದಿಗೆ ತಿರುಗಿತು. 36 ಗ್ರಾಂ ಇಳಿಯಲು ಹದಿನೇಳು ಸೆಕೆಂಡು. ರುಚಿ ನೋಡಿ: ನಾಲಿಗೆಯ ಎರಡೂ ಬದಿ ಹಿಂಡುವ ಹುಳಿ, ಹಿಂದೆ ನೀರು ನೀರು.

ಸರಿ, ಒಂದು ಮೆಟ್ಟಿಲು ಸಣ್ಣಗೆ ಮಾಡೋಣ. ಏಳು. ಈಗ ಪಂಪು ಗುಂಯ್ ಎಂದು ನರಳುತ್ತಿದೆ, ಬಟ್ಟಲಿಗೆ ಏನೂ ಬೀಳುತ್ತಿಲ್ಲ. ಇಪ್ಪತ್ತನೇ ಸೆಕೆಂಡಿಗೆ ಒಂದು ಕಪ್ಪು ಹನಿ, ಆಮೇಲೆ ಇನ್ನೊಂದು. 36 ಗ್ರಾಂ ತುಂಬುವ ಹೊತ್ತಿಗೆ ಐವತ್ತು ಸೆಕೆಂಡು ದಾಟಿತು. ಇದು ಬರೀ ಕಹಿ, ಸುಟ್ಟ ತೊಗಟೆಯ ಕಹಿ.

ನಮಗೆ ಬೇಕಾದದ್ದು ಏಳೂವರೆ. ಈ ಯಂತ್ರದಲ್ಲಿ ಏಳೂವರೆ ಇಲ್ಲ. ಹೊಸದನ್ನು ತರಿಸಲು ಇದ್ದ ಕಾರಣ ಇದೊಂದೇ; ಉಳಿದ ಕಾರಣಗಳನ್ನು ದುಡ್ಡು ಕೊಟ್ಟ ಮೇಲೆ ಹುಡುಕಿಕೊಂಡದ್ದು.

ಎಸ್‌ಪ್ರೆಸೊ ಈ ಅರ್ಧ ಮೆಟ್ಟಿಲಿಗೆ ಯಾಕಿಷ್ಟು ಸೊಕ್ಕು ತೋರಿಸುತ್ತದೆ? ಒತ್ತಡ. ಇಟಲಿಯ ಟೂರಿನ್ನಿನಲ್ಲಿ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಮಷಿನ್ನಿಗೆ ಪೇಟೆಂಟ್ ಪಡೆದಾಗ ಒತ್ತಡ ಇಷ್ಟಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಕಿಲ್ಲೆ ಗಾಜಿಯಾನ ಸನ್ನೆಗೋಲಿನ ಮಷಿನ್ನು, 1961ರಲ್ಲಿ ಫಾಯೆಮಾ ಕಂಪನಿಯ ಪಂಪಿನ ಮಷಿನ್ನು ಬಂದು 9 ಬಾರ್ ಎಂಬುದು ರೂಢಿಯಾಯಿತು. 9 ಬಾರ್ ಅಂದರೆ ಸುಮಾರು 90 ಮೀಟರ್ ಎತ್ತರದ ನೀರಿನ ಬುಡದಲ್ಲಿ ಇರುವ ಒತ್ತಡ. ಕಿಟಕಿಯಾಚೆ ಇರುವ ಬಸವಸಾಗರದ ಎತ್ತರ 29 ಮೀಟರ್ ಚಿಲ್ಲರೆ. ಕೃಷ್ಣೆ ತುಂಬಿ ಬಂದು ಜಲಾಶಯ ಕಂಠಮಟ್ಟ ನಿಂತ ದಿನ ಆ ಗೋಡೆಯ ಬುಡಕ್ಕೆ ಬೀಳುವ ನೀರಿನ ಒತ್ತಡದ ಮೂರು ಪಟ್ಟನ್ನು, 58 ಮಿಲಿಮೀಟರ್ ಅಗಲದ ಈ ಬುಟ್ಟಿಯೊಳಗಿನ ಮುಷ್ಟಿ ಪುಡಿ ಅರ್ಧ ನಿಮಿಷ ತಡೆಯಬೇಕು. ಬೇರೆ ಗೇಟಿಲ್ಲ, ತೂಬಿಲ್ಲ. ಪುಡಿಯೇ ಗೋಡೆ.

ಆ ಗೋಡೆಯಲ್ಲಿ ಒಂದು ಕಡೆ ಸಡಿಲವಿದ್ದರೆ ಸಾಕು. ಹೊಲಕ್ಕೆ ಕಾಲುವೆ ನೀರು ಹಾಯಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ: ಬದುವಿನಲ್ಲಿ ಒಂದು ಇಲಿಬಿಲ ಇದ್ದರೆ ರಾತ್ರಿಯೆಲ್ಲ ನೀರು ಅದರಲ್ಲೇ ಹೋಗಿ, ಮಡಿಯ ಮೂಲೆ ಒಣಗಿಯೇ ಇರುತ್ತದೆ. ಎಂಟರಲ್ಲಿ ಇಳಿಸಿದ್ದರ ಚರಟವನ್ನು ಆಗಲೇ ತಟ್ಟಿ ತೆಗೆದಿಟ್ಟಿದ್ದೆ, ನೋಡಿ. ಈ ಬಿಲ್ಲೆಯ ಅಂಚಿನಲ್ಲಿ ಸೂಜಿ ಚುಚ್ಚಿದ ಹಾಗೆ ಒಂದು ತೂತು. ನೀರು ಹೋದದ್ದು ಅಲ್ಲಿಂದ. ಬೆರಳಲ್ಲಿ ಒಡೆದರೆ ಉಳಿದ ಕಡೆ ಪುಡಿ ಅರೆಒಣ. ಹಳೆಯ ಗ್ರೈಂಡರಿನ ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ. ರವೆಯಷ್ಟು ದಪ್ಪ ಚೂರುಗಳ ನಡುವೆ ಕುಂಕುಮದಷ್ಟು ನುಣ್ಣನೆಯ ಧೂಳು. ದಪ್ಪ ಚೂರು ತನ್ನೊಳಗಿನದನ್ನು ಪೂರ್ತಿ ಬಿಡುವುದಿಲ್ಲ, ಹುಳಿ ಉಳಿಯುತ್ತದೆ. ಧೂಳು ಬೇಡದ್ದನ್ನೂ ಬಿಟ್ಟುಕೊಟ್ಟು ಕಹಿ ತರುತ್ತದೆ. ಧೂಳು ಪೂರ್ತಿ ಇಲ್ಲದಿದ್ದರೂ ಆಗದು, ಒತ್ತಡ ಹಿಡಿಯುವುದು ಅದೇ. ಬೇಕಾದದ್ದು ಅದರ ಹದ.

ಬಾಗಿಲಲ್ಲಿ ಕೆಮ್ಮಿದ ಸದ್ದು. ಕಾಕಾ ಬಂದರು. ಹಿಂದಿನ ಓಣಿಯಲ್ಲಿ ಇವರ ಗಿರಣಿ. ಈಗ ಮಗ ನಡೆಸುತ್ತಾನೆ, ಆದರೆ ಕಲ್ಲು ಬಿಚ್ಚುವ ದಿನ ಇವರೇ ಬೇಕು. ಹುಬ್ಬಿನ ಮೇಲೆ ಯಾವತ್ತೂ ಒಂದು ಪದರ ಹಿಟ್ಟು ಇರುತ್ತದೆ, ಇವತ್ತೂ ಇದೆ.

“ಎಲ್ಲದೋ ತಮ್ಮಾ ನಿನ್ನ ಗಿರಣಿ?”

“ಬರ್ರಿ ಕಾಕಾ, ಇಲ್ಲೇ ಅದ. ಕುಂದರ್ರಿ, ಚಹಾ ಆಗ್ಯಾದ.”

ಕೂರುವುದಿಲ್ಲ ಅವರು. ಮೇಲಿನ ಬಳೆಯನ್ನು ತಿರುಗಿಸಿ ತಿರುಗಿಸಿ ಕಳಚಿದ್ದೇನೆ, ಒಳಗಿನ ಎರಡು ಉಕ್ಕಿನ ಬಿಲ್ಲೆಗಳು ಬೆಳಕಿಗೆ ಬಂದಿವೆ. ಬರ್ ಎನ್ನುವುದು ಇವಕ್ಕೆ. 64 ಮಿಲಿಮೀಟರ್ ಅಗಲ, ಅಂಗೈ ನಡುವೆ ಕೂರುತ್ತವೆ. ನಡುವಿನಲ್ಲಿ ಬೀಜ ಒಡೆಯುವ ದಪ್ಪ ಹಲ್ಲು, ಅಂಚಿಗೆ ಬರುಬರುತ್ತ ಕಣ್ಣಿಗೆ ಹಿಡಿಯದಷ್ಟು ಸಣ್ಣ ಹಲ್ಲು. ಕಾಕಾ ಒಂದನ್ನು ಎತ್ತಿ, ಕನ್ನಡಕ ಹಣೆಗೇರಿಸಿ, ಹೆಬ್ಬೆರಳನ್ನು ಅಂಚಿಗೆ ಸವರಿದರು.

“ಗಿರಣಿ ಕಲ್ಲಿನ ಮರಿ ಇದ್ದಂಗ ಅವ ನೋಡು. ಯಾವುದು ನಿಂತಿರ್ತದ, ಯಾವುದು ತಿರಗ್ತದ?”

ಇಂಥದೊಂದು ಯಂತ್ರ ನೋಡಿದ ಯಾರೂ ಇಲ್ಲಿಯವರೆಗೆ ನನ್ನನ್ನು ಕೇಳದ ಪ್ರಶ್ನೆ ಇದು. ಬೆಂಗಳೂರಿನ ಗೆಳೆಯರು ಬೆಲೆ ಕೇಳಿದ್ದರು, ಬಣ್ಣ ಕೇಳಿದ್ದರು. ಕೆಳಗಿನದು ಮೋಟರಿನ ಜೊತೆ ತಿರುಗುತ್ತದೆ, ಮೇಲಿನದು ಬಳೆಗೆ ಅಂಟಿ ನಿಂತಿರುತ್ತದೆ ಎಂದೆ. ಗಿರಣಿಯಲ್ಲೂ ಒಂದು ಕಲ್ಲು ನಿಂತು ಒಂದು ತಿರುಗುತ್ತದೆ. ಚಕ್ರ ತಿರುವಿ ಬಿಗಿ ಮಾಡಿದರೆ ಹಿಟ್ಟು ಸಣ್ಣ, ಸಡಿಲ ಬಿಟ್ಟರೆ ಉರುಟು. ಇಲ್ಲಿ ಚಕ್ರದ ಬದಲು ಈ ಬಳೆ. ಹಳೆಯದರ ಹಾಗೆ ಇದಕ್ಕೆ ಮೆಟ್ಟಿಲಿಲ್ಲ, ಎಲ್ಲಿ ಬೇಕಾದರೂ ನಿಲ್ಲುತ್ತದೆ. ಏಳೂವರೆಯೂ ಇದೆ, ಏಳೂಕಾಲೂ ಇದೆ.

ಈಗ ಕೆಲಸದ ಭಾಗ. ಹತ್ತಿರ ಬಂದು ನೋಡಿ. ಶಾಲೆಯ ಬಿಳಿ ಬೋರ್ಡಿಗೆ ಬಳಸುವ ನೀಲಿ ಮಾರ್ಕರ್ ತಗೊಂಡು ಮೇಲಿನ ಬರ್‌ನ ಹೊರ ಅಂಚಿಗೆ ಸುತ್ತಲೂ ಮಸಿ ಬಳಿಯುತ್ತೇನೆ. ಜೋಡಿಸುತ್ತೇನೆ. ಮೋಟರಿಗೆ ಕರೆಂಟು ಕೊಡದೆ, ಕೆಳಗಿನ ಬರ್ ಅನ್ನು ಕೈಯಿಂದಲೇ ತಿರುಗಿಸುತ್ತ ಬಳೆಯನ್ನು ಮೆಲ್ಲಗೆ ಬಿಗಿಯುತ್ತ ಹೋಗಬೇಕು. ಕಿವಿ ಹಚ್ಚಿ ಕೇಳಿ. ಏನಿಲ್ಲ. ಇನ್ನೂ ಏನಿಲ್ಲ. ಹಾಂ, ಸರ್ ಎಂದು ತಾಗಿತು. ಇನ್ನೊಂದು ಸುತ್ತು ಉಜ್ಜಿಸಿ ಬಿಚ್ಚಿದರೆ, ಎಲ್ಲಿ ಉಕ್ಕಿಗೆ ಉಕ್ಕು ತಾಗಿದೆಯೋ ಅಲ್ಲಿ ಮಸಿ ಅಳಿಸಿರುತ್ತದೆ. ಸುತ್ತಲೂ ಒಂದೇ ಸಮ ಅಳಿಸಿದ್ದರೆ ಎರಡು ಬಿಲ್ಲೆಗಳೂ ಒಂದಕ್ಕೊಂದು ಸರಿಸಮ ಎಂದರ್ಥ.

ಬಿಚ್ಚಿದೆ. ಒಂದು ಬದಿಯಲ್ಲಿ ಅರ್ಧಚಂದ್ರದ ಹಾಗೆ ಅಳಿಸಿದೆ, ಎದುರು ಬದಿಯಲ್ಲಿ ನೀಲಿ ಇದ್ದ ಹಾಗೇ ಇದೆ.

“ವಾಲ್ಯಾದ,” ಎಂದರು ಕಾಕಾ. “ನಮ್ಮ ಕಲ್ಲಿನ್ಯಾಗೂ ಹಿಂಗ ಆಗ್ತದ. ಬಿಚ್ಚಿದ್ರ ಒಂದ್ ಕಡಿ ಹೊಳೀತಿರ್ತದ. ಹೊಳಿಯೋದು ಉಬ್ಬು. ಅದನ್ನ ನಾವು ಉಳಿಲೆ ಹೊಡಿತೀವಿ. ಇದನ್ನ ಹ್ಯಾಂಗ ಹೊಡೀತಿ?”

ಉಕ್ಕನ್ನು ಹೊಡೆಯಲಾಗದು. ಉಬ್ಬನ್ನು ಇಳಿಸುವ ಬದಲು ತಗ್ಗನ್ನು ಎತ್ತಬೇಕು. ಅವ್ವ ಚಪಾತಿ ಸುತ್ತಲು ಇಟ್ಟ ಅಲ್ಯುಮಿನಿಯಂ ಫಾಯಿಲಿನ ಸುರುಳಿಯಿಂದ ಉಗುರಿನಷ್ಟು ಒಂದು ಚೂರು ಕತ್ತರಿಸಿದೆ. ಮನೆಬಳಕೆಯ ಫಾಯಿಲಿನ ಒಂದು ಪದರ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ದಪ್ಪ, ತಲೆಗೂದಲಿಗಿಂತ ಎಷ್ಟೋ ತೆಳು. ನೀಲಿ ಉಳಿದ ಬದಿಯ ಸ್ಕ್ರೂ ಬಳಿ, ಬರ್‌ನ ಬೆನ್ನಿಗೆ ಆ ಚೂರನ್ನು ಇಟ್ಟು ಬಿಗಿದೆ. ಮತ್ತೆ ಮಸಿ, ಮತ್ತೆ ಜೋಡಣೆ, ಮತ್ತೆ ಸರ್. ಅರ್ಧಚಂದ್ರ ಹಿಗ್ಗಿತು. ಇನ್ನೊಂದು ಪದರ ಕೊಟ್ಟೆ. ಕಾಕಾ ಈಗ ಕೂತಿದ್ದಾರೆ, ಚಹಾದ ಬಸಿ ತುಟಿಗಿದೆ, ಕಣ್ಣು ಮಾತ್ರ ಬರ್ ಮೇಲೆ. ಇನ್ನೊಮ್ಮೆ ಬಿಚ್ಚಿದಾಗ ಸುತ್ತಲೂ ಮಸಿ ಮಾಸಿತ್ತು, ಒಂದು ಹಲ್ಲಿನ ಹತ್ತಿರ ಮಾತ್ರ ನೀಲಿಯ ಎಳೆ.

“ಸಾಕು ಬಿಡು. ಅಷ್ಟು ಇರಬೇಕು,” ಎಂದರು. ನನಗೂ ಸಾಕೆನಿಸಿತು. ಇದರ ಹಿಂದೆ ಬಿದ್ದು ವಾರಗಟ್ಟಲೆ ಬರ್ ಬಿಚ್ಚಿ ಜೋಡಿಸುವವರಿದ್ದಾರೆ, ಕಾಫಿ ಕುಡಿಯುವುದು ಅವರಿಗೆ ನೆಪ.

ಬೀಜದ ಪೊಟ್ಟಣ ನೋಡಿ, ಬೆಳಿಗ್ಗೆ ಹಳೆಯದಕ್ಕೆ ಹಾಕಿದ್ದೂ ಇದೇ. ಚಿಕ್ಕಮಗಳೂರಿನ ಒಂದು ತೋಟದ್ದು, ತಳಿ ಎಸ್.795. ಹುರಿದ ತಾರೀಕನ್ನು ಪೆನ್ನಿನಲ್ಲಿ ಬರೆದಿದ್ದಾರೆ. ಮೂಗಿನ ಹತ್ತಿರ ಹಿಡಿಯಿರಿ. 1940ರ ದಶಕದಲ್ಲಿ ಬೆಳೆಗಾರರ ಕೈಸೇರಿದ ತಳಿ ಇದು. ಇದರ ವಂಶದಲ್ಲಿ ಒಂದು ಕಡೆ ಕೆಂಟ್, ಇನ್ನೊಂದು ಕಡೆ ಲೈಬೀರಿಕಾ ರಕ್ತ ಬೆರೆತ ಎಸ್.288. ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದುಬಂದ ಕಾಫಿ ಸಂಶೋಧನೆಯ ಹೆಸರು ಉಳಿಸಿದ್ದರಲ್ಲಿ ಇದಕ್ಕೆ ದೊಡ್ಡ ಪಾಲು. ಆದರೆ ನಮ್ಮಪ್ಪನ ಕಾಲದಲ್ಲಿ ‘ಇಂಥ ತೋಟದ, ಇಂಥ ತಳಿಯ ಬೀಜ’ ಎಂದು ಕೇಳಿ ಕೊಳ್ಳುವ ಹಾಗೇ ಇರಲಿಲ್ಲ. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು. ಅಲ್ಲಿ ದರ್ಜೆ ಉಳಿಯುತ್ತಿತ್ತು, ತೋಟದ ಹೆಸರು ಕರಗುತ್ತಿತ್ತು. 90ರ ದಶಕದಲ್ಲಿ ಆ ಬಿಗಿ ಹಂತಹಂತವಾಗಿ ಸಡಿಲಿ, 1996ರಲ್ಲಿ ಪೂಲ್ ಪೂರ್ತಿ ಮುಗಿದ ಮೇಲೆ ಬೆಳೆಗಾರ ತನ್ನ ಹೆಸರಿನಲ್ಲೇ ಮಾರಬಹುದಾಯಿತು. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವ ರಾಜ್ಯದಲ್ಲಿ ಕೂತು ನಾನು ತೋಟದ ಹೆಸರು ಓದಿ ಕುಡಿಯುತ್ತಿರುವುದು ಅಲ್ಲಿಂದೀಚೆಯ ಸುಖ.

ಈ ಸೀಮೆಯೋ ಚಹಾದ್ದು. ಸುರಪುರ ಸಂಸ್ಥಾನ 1858ರಲ್ಲಿ ಬಿದ್ದು 1860ರಲ್ಲಿ ನಿಜಾಮನ ಪಾಲಾಯಿತು. ಅಲ್ಲಿಂದ 1948ರವರೆಗೆ ನಮ್ಮ ಕಡೆಯವರ ಮುಖ ಹೈದರಾಬಾದಿನತ್ತ. ಸುರಪುರ, ಶಹಾಪುರ, ಯಾದಗಿರಿ, ಯಾವ ಬಸ್‌ಸ್ಟ್ಯಾಂಡಿನಲ್ಲಿ ಇಳಿದರೂ ಮೊದಲು ಕೇಳುವುದು “ಚಾ ಕುಡ್ರಿ” ಎಂಬ ಮಾತು. ಕಾಫಿಯ ವಾಸನೆಯನ್ನು ನಾನು ಮೊದಲು ಕಂಡದ್ದು ಈ ಕ್ಯಾಂಪಿನಲ್ಲೇ, ಹಳೇ ಮೈಸೂರಿನ ಕಡೆಯಿಂದ ನೀರಾವರಿ ಕೆಲಸಕ್ಕೆ ಬಂದಿದ್ದ ಒಬ್ಬ ಎಂಜಿನಿಯರ ಮನೆಯಲ್ಲಿ. ಅಣೆಕಟ್ಟು 1982ರಲ್ಲಿ ಮುಗಿದಿತ್ತು, ಕಾಲುವೆಗಳ ಕೆಲಸ ಮುಗಿದಿರಲಿಲ್ಲ. ಅವರ ಮನೆಯ ಹಿತ್ತಾಳೆ ಫಿಲ್ಟರಿಗೆ ಪುಡಿ ಊರಿನಿಂದ ಬಸ್ಸಿನಲ್ಲಿ ಬರುತ್ತಿತ್ತು, ಚಿಕೋರಿ ಬೆರೆಸಿದ್ದು, ತಿಂಗಳು ಹಳೆಯದು. ಆದರೂ ಚೆನ್ನಾಗಿರುತ್ತಿತ್ತು. ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಅವಸರವಿಲ್ಲ, ಚಿಕೋರಿ ಮೈ ಕೊಡುತ್ತದೆ, ಮೇಲೆ ಹಾಲು, ಸಕ್ಕರೆ. ಪುಡಿಯ ತಪ್ಪನ್ನು ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಎಸ್‌ಪ್ರೆಸೊ ಹಾಕಿಕೊಳ್ಳುವುದಿಲ್ಲ.

ಕರೆಂಟು ಇದೆಯಲ್ಲ? ಸ್ಟೆಬಿಲೈಸರಿನ ಮುಳ್ಳು 228. ಬೆಳಿಗ್ಗೆ ಇಷ್ಟಿರುತ್ತದೆ. ಇದರ ಮೋಟರು ನಮ್ಮ 50 ಹರ್ಟ್ಝ್ ಕರೆಂಟಿಗೆ ನಿಮಿಷಕ್ಕೆ 1400 ಸುತ್ತಿನಷ್ಟು ತಿರುಗುತ್ತದೆ. ಹೊಲಗಳ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಎದ್ದಾಗ ವೋಲ್ಟೇಜು ಇಳಿದರೆ ಇಂಥ ಮೋಟರು ಶಕ್ತಿಗಾಗಿ ಹೆಚ್ಚು ಕರೆಂಟು ಎಳೆದು ಬಿಸಿಯಾಗುತ್ತದೆ, ಬೀಜ ಹಲ್ಲಿಗೆ ಸಿಕ್ಕಾಗ ನಿಂತೂ ಬಿಡಬಹುದು. ಇದನ್ನೂ ಕಾಕಾನೇ ಹೇಳಿದರು, ನಾನು ಸ್ಟೆಬಿಲೈಸರ್ ತರುವ ಮೊದಲೇ.

ಗುಂಡಿ ಒತ್ತುತ್ತೇನೆ. ಕೇಳಿ, ಹಳೆಯದರ ಕಿರುಚಾಟವಿಲ್ಲ, ಗಂಭೀರವಾದ ಒಂದೇ ಶ್ರುತಿ. ಖಾಲಿ ತಿರುಗುತ್ತಿರುವಾಗಲೇ ಬಳೆಯನ್ನು ಒಂದೊಂದೇ ಗೆರೆ ಬಿಗಿಯುತ್ತೇನೆ. ‘ಚಿರ್!’

“ಕಲ್ಲಿಗೆ ಕಲ್ಲು ಹತ್ತಿತು, ಸಡ್ಲ ಮಾಡು, ಸಡ್ಲ ಮಾಡು!” ಕಾಕಾ ಅರ್ಧ ಎದ್ದೇಬಿಟ್ಟರು. ಗಿರಣಿಯಲ್ಲಿ ಆ ಸದ್ದು ಬಂದರೆ ಹಿಟ್ಟಿಗೆ ಕಲ್ಲಿನ ಪುಡಿ ಸೇರಿತೆಂದೇ ಲೆಕ್ಕ. ಇಲ್ಲಿ ಅದು ಸೊನ್ನೆಯ ಗುರುತು. ಒಂದು ಕ್ಷಣ ಕೇಳಿಸಿಕೊಂಡು, ತಟ್ಟನೆ ಹಿಂದಕ್ಕೆ ತಿರುಗಿಸಿ, ಅಲ್ಲಿಂದ ಎಷ್ಟು ಗೆರೆ ಎಂದು ಎಣಿಸಿಕೊಳ್ಳಬೇಕು.

ಹೊಸ ಬರ್‌ಗೆ ಕೊಂಚ ಬೀಜ ತಿನ್ನಿಸಿ ಪಳಗಿಸಬೇಕು ಎಂದೆ. ಕಾಕಾಗೆ ಇದು ತೀರಾ ಸಹಜ. ಕಲ್ಲಿಗೆ ಉಳಿ ಹೊಡೆಸಿದ ಮೇಲೆ ಮೊದಲು ಬೀಸಿದ್ದನ್ನು ಮನೆಗೆ ಒಯ್ಯುವುದಿಲ್ಲ, ದನಕ್ಕೆ ಹಾಕುತ್ತಾರೆ. “ಒಂದ್ ಸೇರು ಜ್ವಾಳ ತರ್ಲೇನು? ಘಟ್ಟಿ ಕಾಳು, ಛಲೋ ಸವೀತದ.” ಬೇಡ ಎಂದೆ. ಹುರಿದ ಕಾಫಿ ಬೀಜ ಬೆರಳಲ್ಲಿ ಒಡೆಯುವಷ್ಟು ಮೆದು. ಅದಕ್ಕೆ ಲೆಕ್ಕ ಹಾಕಿ ಮಾಡಿದ ಹಲ್ಲಿಗೆ ಹಸಿ ಜೋಳ ಕೊಟ್ಟರೆ ಮೋಟರು ಮೊದಲು ಸವೆದೀತು. ಹಳಸಿದ ಬೀಜ ಒಂದು ಡಬ್ಬಿ ಉಳಿದಿತ್ತು, ಅದನ್ನೇ ಹಾಕಿ ಬೀಸಿದೆ.

ಅಯ್ಯೋ, ಕಟ್ಟೆ ನೋಡಿ. ಪುಡಿ ಬಟ್ಟಲಿಗೆ ಬೀಳುವ ಬದಲು ಮೂತಿಗೆ ಅಂಟಿದೆ, ಹೊಟ್ಟು ಹಾರಿ ಗೋಡೆಗೆ ಹತ್ತಿದೆ, ನಿಮ್ಮ ಅಂಗಿಯ ತೋಳಿಗೂ ಹಾರಿದೆ. ಇದು ಯಂತ್ರದ ದೋಷವಲ್ಲ, ನಮ್ಮ ಏಪ್ರಿಲ್. ಬೀಜ ಒಡೆಯುವಾಗ ಉಜ್ಜಾಟಕ್ಕೆ ಪುಡಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಮಂಗಳೂರಿನಂಥ ಊರಿನಲ್ಲಿ ಗಾಳಿಯ ಪಸೆ ಅದನ್ನು ಒಂದಿಷ್ಟು ಹೀರಿಬಿಡುತ್ತದೆ, ಇಲ್ಲಿ ಒಣಗಾಳಿ ಹಾಗೇ ಉಳಿಸುತ್ತದೆ. ಮದ್ದು ಬಹಳ ಸುಲಭ: ಚಮಚದ ಹಿಡಿಯನ್ನು ನೀರಲ್ಲಿ ಅದ್ದಿ, ಬೀಸುವ ಮುಂಚೆ ಬೀಜದೊಳಗೆ ಒಮ್ಮೆ ಕಲಕಿ. ಒಂದೆರಡು ಹನಿ ಸಾಕು. ಮನೆಯಲ್ಲಿ ಕಾಫಿ ಮಾಡುವವರು ಇದನ್ನು ಎಷ್ಟೋ ವರ್ಷದಿಂದ ಮಾಡುತ್ತಿದ್ದರು. ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕ್ರಿಸ್ಟೋಫರ್ ಹೆಂಡನ್ ಮತ್ತು ಸಂಗಡಿಗರು ಅದನ್ನು ಅಳೆದು 2023ರಲ್ಲಿ ಪ್ರಕಟಿಸಿದರು. ಜ್ವಾಲಾಮುಖಿಯ ಬೂದಿಯಲ್ಲಿ ಮಿಂಚು ಹುಟ್ಟುವುದನ್ನು ಓದುವವರೂ ಆ ತಂಡದಲ್ಲಿದ್ದರು, ಅವರಿಗೆ ಇದೇನು ಹೊಸದಲ್ಲ. ನೀರು ಹಾಕಿದ ಮೇಲೆ ಪುಡಿ ಗಂಟುಗಟ್ಟುವುದೂ ಕಡಿಮೆ.

ಇದೇ ಹೆಂಡನ್ ಇದ್ದ ಇನ್ನೊಂದು ತಂಡ 2016ರಲ್ಲಿ, ಬೀಜವನ್ನು ತಣ್ಣಗೆ ಮಾಡಿ ಬೀಸಿದರೆ ಪುಡಿ ಹೆಚ್ಚು ಸಣ್ಣಗೂ ಸಮವಾಗಿಯೂ ಬರುತ್ತದೆಂದು ತೋರಿಸಿತ್ತು. 42 ಡಿಗ್ರಿ ಮುಟ್ಟುವ ಊರಿನಲ್ಲಿ ನನಗೆ ಬೇರೆ ದಾರಿಯೂ ಇಲ್ಲ: ಪೊಟ್ಟಣ ಬಂದ ದಿನವೇ 18 ಗ್ರಾಂ ಪುಡಿಕೆಗಳಾಗಿ ಕಟ್ಟಿ ಫ್ರೀಜರಿಗೆ. ಅವ್ವನ ಹಸಿಬಟಾಣಿಯ ಪಕ್ಕದಲ್ಲಿ ಅದಕ್ಕೊಂದು ಮೂಲೆ ಸಿಕ್ಕಿದೆ.

ಈಗ ಒಳ್ಳೆಯ ಬೀಜ. 18 ಗ್ರಾಂ ಹಾಕಿದೆ, 17.9 ಹೊರಗೆ ಬಂತು. ಹಳೆಯದು ಗ್ರಾಂಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡು ಮರುದಿನ ಹಳಸು ಪುಡಿಯಾಗಿ ಕೊಡುತ್ತಿತ್ತು. ಪುಡಿ ಮುಟ್ಟಿ. ಕಾಕಾ ಆಗಲೇ ಚಿಟಿಕೆ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕುತ್ತಿದ್ದಾರೆ, ಜೋಳದ ಹಿಟ್ಟನ್ನು ನೋಡುವ ಹಾಗೆಯೇ.

“ಇನ್ನ ಚೂರು ಉರುಟು ಅದ.”

ಎಸ್‌ಪ್ರೆಸೊ ಇಳಿಸಿದೆ. 36 ಗ್ರಾಮಿಗೆ ಇಪ್ಪತ್ತೆರಡು ಸೆಕೆಂಡು. ಕಾಕಾನ ಬೆರಳು ಸರಿ ಹೇಳಿತ್ತು. ಬಳೆಯನ್ನು ಅರ್ಧ ಗೆರೆ ಸರಿಸಿದೆ. ಹೊಸ ಪುಡಿ, ಸೂಜಿಯಿಂದ ಕೆದರಿ, ಸಮ ಮಾಡಿ, ಅದುಮಿದೆ. ಬಗ್ಗಿ ಬುಟ್ಟಿಯ ತಳವನ್ನೇ ನೋಡಿ. ಏಳನೇ ಸೆಕೆಂಡಿಗೆ ಅಂಚಿನ ತೂತುಗಳಲ್ಲಿ ಕಪ್ಪು ಹನಿಗಳು ಸುತ್ತುಗಟ್ಟಿದವು. ನಡುವಿಗೆ ಸರಿದವು, ಕೂಡಿಕೊಂಡವು. ಒಂದೇ ಎಳೆ ಬಟ್ಟಲಿಗೆ ಇಳಿಯಿತು, ಅಲುಗಾಟವಿಲ್ಲ, ಸಿಡಿತವಿಲ್ಲ. ಕಪ್ಪು ಕಂದಾಯಿತು, ಕಂದು ತಿಳಿಯಾಯಿತು. ಇಪ್ಪತ್ತೆಂಟು ಸೆಕೆಂಡಿಗೆ ಮುಗಿಸಿದೆ.

ಕುಡಿಯಿರಿ, ಆರುವ ಮುಂಚೆ.

ಮೊದಲು ಕಿತ್ತಳೆ ಸಿಪ್ಪೆಯನ್ನು ಉಗುರಿನಲ್ಲಿ ಗೀರಿದ ವಾಸನೆ. ಆಮೇಲೆ ಬೆಲ್ಲದ ಪಾಕ. ನುಂಗಿದ ಮೇಲೆ ಗಂಟಲ ಹತ್ತಿರ ಮೆಣಸಿನ ಚುರುಕು. ಬೆಳಗಿನಿಂದ ಇದೇ ಪೊಟ್ಟಣದ ಬೀಜವನ್ನೇ ಎರಡು ಯಂತ್ರದಲ್ಲಿ ಬೀಸಿದ್ದು, ನೀರು ಅದೇ, ಮಷಿನ್ನು ಅದೇ. ಹಳೆಯದರಲ್ಲಿ ಹುಳಿ ಕಹಿ ಎರಡೇ ಇದ್ದವು. ದುಬಾರಿ ಗ್ರೈಂಡರು ಕಾಫಿಯನ್ನು ಸ್ಟ್ರಾಂಗ್ ಮಾಡುತ್ತದೆ ಎಂದು ನಂಬಿ ಕೊಳ್ಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಸ್ಟ್ರಾಂಗ್ ಆಗುವುದಿಲ್ಲ, ಬಿಡಿಬಿಡಿಯಾಗಿ ಕಾಣುತ್ತದೆ. ಬೀಜ ಕೆಟ್ಟದಿದ್ದರೆ ಆ ಕೆಟ್ಟದ್ದೂ ಬಿಡಿಬಿಡಿಯಾಗಿಯೇ ಕಾಣುತ್ತದೆ.

ಅವ್ವ ತುದಿನಾಲಿಗೆಗೆ ಮುಟ್ಟಿಸಿ ಮುಖ ಹಿಂಡಿದಳು. “ಕಹಿ ಅದ. ಆದ್ರ ಮೊದ್ಲಿಂದರ ಗತೆ ಗಂಟಲಿಗಿ ಹಿಡೀಲಿಲ್ಲ.” ಉಳಿದದ್ದಕ್ಕೆ ಹಾಲು, ಎರಡು ಚಮಚ ಸಕ್ಕರೆ ಹಾಕಿ ಕುಡಿದಳು. ಕಾಕಾ ಹಾಲಿಲ್ಲದೆಯೇ ಖಾಲಿ ಮಾಡಿ, ಬಟ್ಟಲಿನ ತಳ ನೋಡುತ್ತ ಕೇಳಿದರು:

“ನಮ್ಮ ಜ್ವಾಳದ ಹಿಟ್ಟು ಭಾಳ ದಿನ ಇಟ್ರ ಜಿಗಿ ಹೋಗ್ತದ, ರೊಟ್ಟಿ ಹರೀತದ. ಇದರದೂ ಹಂಗೇನು?”

“ಹಂಗ ಕಾಕಾ. ಇದಕ್ಕ ಭಾಳ ದಿನ ಬ್ಯಾಡ, ತಾಸಿನ್ಯಾಗ ವಾಸನಿ ಹೋಗ್ತದ.”

“ಮತ್ತ ಗಿರಣಿ ಮನ್ಯಾಗ ಇರಬೇಕು ಬಿಡು,” ಎಂದು ಎದ್ದರು. ಎಂಟು ಗಂಟೆಗೆ ಅವರ ಗಿರಣಿಯ ಮುಂದೆ ಪುಟ್ಟಿಗಳ ಸಾಲು ಹತ್ತುತ್ತದೆ.

ಒಂದು ಮಾತು ನೀರಿನ ಬಗ್ಗೆ. ನಮ್ಮ ಕಡೆಯ ಬೋರಿನ ನೀರು ಗಡಸು. ಅದನ್ನೇ ಹಾಕಿದರೆ ಮಷಿನ್ನಿನ ಕೊಳವೆಯಲ್ಲಿ ಸುಣ್ಣ ಕಟ್ಟುತ್ತದೆ. ಊರಿನ ಶುದ್ಧ ನೀರಿನ ಘಟಕದ್ದನ್ನು ಮಾತ್ರ ಹಾಕಿದರೆ ರುಚಿ ಸಪ್ಪೆ. ಎರಡನ್ನೂ ಬೆರೆಸುತ್ತೇನೆ. ಮಳೆಗಾಲ ಬಂದು ಗಾಳಿ ತೇವವಾದಾಗ ಬಳೆಯನ್ನು ಮತ್ತೆ ಒಂದೆರಡು ಗೆರೆ ಸರಿಸಬೇಕಾಗುತ್ತದೆ, ಅದಕ್ಕೆಂದೇ ಬಳೆಗೆ ಮೆಟ್ಟಿಲಿಲ್ಲ.

ನಿಮ್ಮ ಮನೆಗೂ ಒಂದು ಬೇಕೆ ಎಂದು ಕೇಳುವ ಮುಖ ಮಾಡಿದ್ದೀರಿ, ಹೇಳಿಬಿಡುತ್ತೇನೆ. ಫಿಲ್ಟರ್ ಕಾಫಿಯವರಾದರೆ ಬೇಡ, ಆ ದುಡ್ಡಿಗೆ ಒಳ್ಳೆಯ ಬೀಜ ತನ್ನಿ. ದಿನಕ್ಕೆ ಒಂದೇ ಬಟ್ಟಲು ಎಸ್‌ಪ್ರೆಸೊ ಸಾಕೆನ್ನುವವರಿಗೆ ಹದಿನೈದು ಸಾವಿರದ ಆಸುಪಾಸಿನ ಉಕ್ಕಿನ ಬರ್‌ನ ಕೈಗ್ರೈಂಡರು ಇದರ ಹತ್ತಿರಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ತೋಳು ಒಂದಿಷ್ಟು ನೋಯುತ್ತದೆ, ಕರೆಂಟಿನ ಹಂಗಿಲ್ಲ. ಮನೆಯಲ್ಲಿ ಎರಡು ಮೂರು ಜನ ಕುಡಿಯುವವರಿದ್ದು, ಬೀಜವನ್ನು ಆಗಾಗ ಬದಲಿಸುವ ಚಾಳಿ ಇದ್ದರೆ ಮಾತ್ರ ಈ ಖರ್ಚಿಗೆ ಅರ್ಥ. ಮಷಿನ್ನಿಗೂ ಗ್ರೈಂಡರಿಗೂ ಸೇರಿಸಿ ಎತ್ತಿಟ್ಟ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಗ್ರೈಂಡರಿಗೇ ಹಾಕಿ, ಮಷಿನ್ನು ಸಾಧಾರಣದ್ದಿದ್ದರೂ ನಡೆಯುತ್ತದೆ. ಕೊಳ್ಳುವ ಮುಂಚೆ ಅಂಗಡಿಯವರನ್ನು ಒಂದೇ ಒಂದು ಪ್ರಶ್ನೆ ಕೇಳಿ: ಬರ್ ಸವೆದಾಗ ಬಿಡಿ ಬರ್ ಇಲ್ಲೇ ಸಿಗುತ್ತದೆಯೇ? ಸಿಗುವುದಿಲ್ಲ ಎಂದರೆ ಎಷ್ಟೇ ಚೆಂದದ ಯಂತ್ರವಾಗಲಿ, ಬಿಟ್ಟು ಬನ್ನಿ.